ನಡು ಇಲ್ಲದ ಬೆಟ್ಟ

ಮೈಸೂರಿನ ಚಿತ್ರಶಾಲೆಯಲ್ಲಿ ನನ್ನ ಮೊಮ್ಮಗಳಿಗೆ ಸೀಟು ಸಿಕ್ಕಿತು! ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಕೂಗಿದಳು. ನಾನು ಕೇರುತ್ತಿದ್ದ ಹುರುಳಿಯನ್ನು ಮೊರದ ಸಮೇತ ಬಿಟ್ಟು ಓಡಿದೆ. ಕೋಳಿಗಳು ತಿಂದುಕೊಳ್ಳಲಿ ಬಿಡಿ, ಅವಕ್ಕೂ ಹಬ್ಬ.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾದರೂ ನಮ್ಮ ಭೀಮನಬೀಡಿನಿಂದ ಚಿತ್ರ ಬರೆಯಲೆಂದು ಯಾರೂ ಮೈಸೂರಿಗೆ ಹೋದವರಲ್ಲ. ಇವಳು ಹೋಗುವುದೂ ಅನುಮಾನವೇ ಆಗಿತ್ತು. ಅವಳಪ್ಪ, ಎಂದರೆ ನನ್ನ ಮಗ, "ಮೊದ್ಲು ಚಿತ್ರ ತೋರ್ಸು, ಆಮೇಲೆ ನೋಡನ" ಅಂದಿದ್ದ.

ಆಗ ಅವಳು ತಾನು ಬರೆದ ಗೋಪಾಲಸ್ವಾಮಿ ಬೆಟ್ಟದ ಚಿತ್ರ ಹರಡಿದಳು. ಗುಂಡ್ಲುಪೇಟೆಯ ಡ್ರಾಯಿಂಗ್ ಮೇಷ್ಟ್ರು ಅವಳಿಗೆ ಜಪಾನಿನ ಚಿತ್ರಗಳ ಪುಸ್ತಕ ತೋರಿಸಿದ್ದರಂತೆ. ಅಲ್ಲಿಯ ಈಗಿನ ಚಿತ್ರಗಾರರೂ ತಮ್ಮ ಹಿರಿಯರಂತೆಯೇ ಮಂಜಿನ ಜಾಗದಲ್ಲಿ ಏನೂ ಬರೆಯದೆ ಬಿಡುತ್ತಾರಂತೆ, ಬರೀ ಬಿಳಿ ಕಾಗದ. ನೆರಳು, ಮತ್ತೆ ದೂರದ್ದು ಚಿಕ್ಕದು ಹತ್ತಿರದ್ದು ದೊಡ್ಡದು ಅನ್ನುವ ಲೆಕ್ಕ, ಇವನ್ನು ಬಿಳಿಯರಿಂದ ಕಲಿತರಂತೆ. ಎರಡನ್ನೂ ಕಲಸಿ ಇವಳು ನಮ್ಮ ಬೆಟ್ಟ ಬರೆದಿದ್ದಳು.

"ಮುದ್ದೆಗೆ ಬ್ರೆಡ್ಡು ನೆಂಚ್ಕಂಡಂಗಾಯ್ತು ಕಣಮ್ಮಿ," ಅಂದೆ ನಾನು.

ಮಗ ನಗಲಿಲ್ಲ. "ಬೆಟ್ಟದ ನಡು ಎಲ್ಲಮ್ಮಿ? ತಲೆ ಅದೆ, ಕಾಲು ಅದೆ. ಬಣ್ಣ ಮುಗ್ದೋಯ್ತಾ?"

"ಅದು ಮಂಜು ಕಣಪ್ಪ."

"ನಮ್ಮ ಈರುಳ್ಳಿ ಹೊಲ ಉಗುರಷ್ಟು ಮಾಡ್ಬುಟ್ಟಿದ್ದೀಯಲ್ಲ! ಇದ ನೋಡುದ್ರೆ ನಿನ್ ತಮ್ಮಂಗೆ ಯಾರು ಎಣ್ಣು ಕೊಟ್ಟಾರು?"

ಹುಡುಗಿ ಕಣ್ಣೊರೆಸಿಕೊಂಡಳು. "ನಾಳೆ ಬೆಳಿಗ್ಗೆ ಬಂದು ನೀನೇ ನೋಡಪ್ಪ. ಸುಳ್ಳಾದ್ರೆ ನಾ ಮೈಸೂರ್ಗೆ ಓಗಲ್ಲ."

ಬೆಳಗಾಗುತ್ತಲೇ ಮೂವರೂ ರಸ್ತೆ ಪಕ್ಕದ ದಿಬ್ಬ ಹತ್ತಿದೆವು. ಮಗ ಒಂದು ಕೈಯಲ್ಲಿ ಚಿತ್ರ ಹಿಡಿದು, ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಚಾಚಿದ. ಹೊಲ ಉಗುರಿನ ಹಿಂದೆ ಮಾಯ! ಬೆರಳು ತೆಗೆದ, ಹೊಲ ಬಂತು. ಇಟ್ಟ, ಹೋಯಿತು. ಎತ್ತು ಕೊಳ್ಳುವವನ ಗಾಂಭೀರ್ಯ ಅವನದು. ಬೆಟ್ಟದ ನಡುವನ್ನೂ ಮಂಜು ನುಂಗಿತ್ತು, ಥೇಟ್ ಕಾಗದದಲ್ಲಿದ್ದಂತೆ. ಅಷ್ಟರಲ್ಲಿ ಬಿಸಿಲು ಬಿತ್ತು, ಮಂಜು ಕರಗತೊಡಗಿತು.

"ಅಯ್ಯೋ, ನಡು ಬತ್ತಾ ಅದೆ! ಅವ್ವಾ, ಬಿರ್ನೆ ನೋಡು! ಇವ್ಳು ಬರ್ದಿರದು ದಿಟ ಕಣವ್ವಾ!"

ದಾರಿಹೋಕರನ್ನೆಲ್ಲ ಸಾಕ್ಷಿಗೆ ಕರೆದ. ಅವರೂ ಸಾಲಾಗಿ ಒಂದು ಕಣ್ಣು ಮುಚ್ಚಿ ಬೆರಳು ಚಾಚಿ ನಿಂತರು. ಕೈ ಅಡ್ಡ ಹಾಕುತ್ತಿದ್ದಾರೆಂದು ಲಾರಿಯೊಂದು ನಿಂತೇಬಿಟ್ಟಿತು!

ಆ ವಾರವೇ ಮಗ ತಾನೇ ಅವಳನ್ನು ಮೈಸೂರಿಗೆ ಕರೆದುಕೊಂಡು ಹೋದ. ಸೀಟಿನ ಸುದ್ದಿ ಹೊತ್ತು ಆ ಬಸ್ಸಿನಲ್ಲಿ ಬಂದದ್ದೂ ಇಬ್ಬರೂ ಜೊತೆಗೇ.

ಆ ಸಂಜೆ ಪಾಯಸ ಮಾಡಿದೆ. ಗಂಡಸರು ಮೊದಲು, ಹೆಂಗಸರು ಆಮೇಲೆ ಎನ್ನುವುದನ್ನೆಲ್ಲ ಬಿಟ್ಟು ಮನೆಮಂದಿಯೆಲ್ಲ ಒಂದೇ ಸಾಲಿನಲ್ಲಿ ಕೂತೆವು. ಮಗ ಅವಳ ಎಲೆಗೆ ತಾನೇ ತುಪ್ಪ ಸುರಿದ.

"ಉಣ್ಣಮ್ಮಿ. ಮೈಸೂರ್ನೋರು ಇಷ್ಟು ಇಕ್ತಾರೋ ಇಲ್ವೋ."