ಪತ್ತೇದಾರರ ಕಾರಿಗೆ ತಂಪಿಲ್ಲ

ಬೀದಿಯವರು ಅವರಿಗೆ ಪತ್ತೇದಾರ ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ಮೂವತ್ತು ವರ್ಷ ಬಾಡಿಗೆ ಕಾರು ಓಡಿಸಿದ ಇವರು ತಮ್ಮ ನೆರಳು ಹಿಂದೆ ಬಂದರೂ ಯಾಕೆ ಬಂತು ಎಂದು ತಿರುಗಿ ನೋಡುವವರು. ಕಾರನ್ನು ಗ್ಯಾರೇಜಿಗೆ ಬಿಡುವ ದಿನ ಓಡಿದ ಕಿಲೋಮೀಟರು ಅಂಗೈ ಮೇಲೆ ಬರೆದುಕೊಳ್ಳುವರು. ಸ್ಟೆಪ್ನಿ ಬದಲಾಯಿಸಿಬಿಟ್ಟಾರೆಂದು ಅದಕ್ಕೆ ಹೆಂಡತಿಯ ಉಗುರುಬಣ್ಣದ ಚುಕ್ಕೆ ಇಡುವರು. ಗ್ಯಾರೇಜು ಸ್ವಂತ ಅಳಿಯನದಾದ ಮೇಲೆ ಚುಕ್ಕೆ ಎರಡಾಯಿತು, ಅಷ್ಟೆ.

ಈ ಸಲ ಕ್ಲಚ್ ಕೆಲಸಕ್ಕೆ ಬಿಟ್ಟ ಕಾರು ಇಪ್ಪತ್ತು ದಿನದ ಮೇಲೆ ಬಂತು. ಗೇರು ಸಲೀಸಾಗಿ ಬೀಳುತ್ತಿತ್ತು. ಆದರೆ ಎಸಿ ಹಾಕಿದರೆ ಬಿಸಿಗಾಳಿ! ಬಾನೆಟ್ ಎತ್ತಿ ಕಿವಿಗೊಟ್ಟರು. ಎಸಿಯ ಕಂಪ್ರೆಸರ್ ಚಾಲೂ ಆಗುವಾಗ ಬರುವ ‘ಟಕ್’ ಸದ್ದೇ ಇಲ್ಲ.

“ಬಿಚ್ಕೊಂಡಿದಾನೆ ಕಣೇ! ನನ್ನ ಕಂಪ್ರೆಸರ್ ಬಿಚ್ಕೊಂಡು ಯಾವುದೋ ಗುಜರಿ ಮಾಲು ಕೂರ್ಸಿದಾನೆ.”

“ಯಾರು, ಮಗಳ ಗಂಡನಾ? ಬಾಯಿ ತೊಳ್ಕೊಳ್ಳಿ ಹೋಗಿ,” ಎಂದರು ಹೆಂಡತಿ.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಪತ್ತೇದಾರರು ಸೀದಾ ಗ್ಯಾರೇಜಿಗೆ ಹೋಗಿ ನಾಲ್ಕು ಜನ ಗಿರಾಕಿಗಳ ಮುಂದೆಯೇ ಕೂಗಾಡಿದರು. “ಮಾವ, ಒಂದು ಮಾತು ಕೇಳಿ…” ಎಂದು ಅಳಿಯ ಬಾಯಿ ತೆಗೆದರೆ, “ಕಳ್ಳನ ಮಾತೇನು ಕೇಳೋದು?” ಎಂದು ಕಾರು ತಿರುಗಿಸಿಕೊಂಡು ಬಂದೇಬಿಟ್ಟರು.

ಸಂಜೆ ಮಗಳ ಫೋನು. “ಅಪ್ಪ, ಕಳ್ಳನ ಹೆಂಡ್ತಿ ಇನ್ಮೇಲೆ ನಿಮ್ಮನೆ ಹೊಸ್ತಿಲು ತುಳಿಯಲ್ಲ.” ಅಷ್ಟೇ ಹೇಳಿ ಇಟ್ಟಳು. ಇರುವವಳು ಒಬ್ಬಳೇ ಮಗಳು. ಆ ಭಾನುವಾರ ಅವಳು ಬರಲಿಲ್ಲ, ಮನೆ ಬಿಕೋ ಎಂದಿತು.

ಸಾಕ್ಷಿ ಸಿಕ್ಕಿದರೆ ಮಗಳಿಗೂ ಬುದ್ಧಿ ಬಂದೀತೆಂದು ಬೇರೊಬ್ಬ ಮೆಕ್ಯಾನಿಕ್ಕನಿಗೆ ತೋರಿಸಿದರು. ಅವನು ಎರಡೇ ನಿಮಿಷದಲ್ಲಿ, “ಕಂಪ್ರೆಸರ್ ನಿಮ್ಮ ಹಳೇದೇ ಯಜಮಾನ್ರೇ. ಎಸಿ ಫ್ಯೂಸೇ ಇಲ್ವಲ್ಲ, ಯಾರೋ ಕಿತ್ತಿದಾರೆ,” ಎಂದ.

“ಕಂಡ್ಯಾ! ಫ್ಯೂಸಿಗೂ ಕೈ ಹಾಕಿದಾನೆ!”

ಹೊಸ ಫ್ಯೂಸು ಹಾಕಿಸಿದರೆ ಸಾಕ್ಷಿ ಅಳಿಸಿಹೋದೀತೆಂದು ಹಾಗೆಯೇ ಕಾರು ತಿರುಗಿಸಿಕೊಂಡು ಹೊರಟರು.

ಮನೆಗೆ ಬಂದು ಫ್ಯೂಸಿನ ವಿವರ ನೋಡಲು ಕಾರಿನ ಕೈಪಿಡಿ ಬಿಡಿಸಿದರು. ದಿನದ ಕನ್ನಡಕ ಕಾರಿನಲ್ಲೇ ಉಳಿದಿತ್ತೆಂದು ಬೀರುವಿನಿಂದ ಹಳೆಯದರ ಡಬ್ಬಿ ತೆಗೆದರೆ, ಕನ್ನಡಕದ ಜೊತೆ ಪುಟ್ಟದೊಂದು ಕೆಂಪು ಫ್ಯೂಸು ಮಡಿಲಿಗೆ ಬಿತ್ತು.

ಅಯ್ಯೋ ನನ್ನ ಬುದ್ಧಿಗಿಷ್ಟು! ಗ್ಯಾರೇಜಿನವರು ಊಟದ ಹೊತ್ತಿನಲ್ಲಿ ಎಸಿ ಹಾಕಿಕೊಂಡು ಮಲಗಿ ಪೆಟ್ರೋಲು ಸುಟ್ಟಾರೆಂದು, ಕಾರು ಬಿಡುವ ಮುಂಚೆ ತಾವೇ ಕಿತ್ತಿಟ್ಟದ್ದು. ಕಳ್ಳನಿಗೂ ಸಿಗದ ಹಾಗೆ ಇಟ್ಟು, ತಾವೂ ಮರೆತಿದ್ದರು.

ಹೆಂಡತಿ ಅಡುಗೆಮನೆಯಲ್ಲಿದ್ದರು, ನೋಡಿರಲಿಲ್ಲ. ಸದ್ದಿಲ್ಲದೆ ಫ್ಯೂಸು ಸಿಕ್ಕಿಸಿ, ತಾನಾಗಿಯೇ ಸರಿಹೋಯಿತು ಎಂದರಾಯಿತು. ಯಾರಿಗೆ ಗೊತ್ತಾಗುತ್ತೆ? ಆದರೆ ಹಾಗೆ ಮಾಡಿದರೆ ಅಳಿಯ ಕಳ್ಳನಾಗಿಯೇ ಉಳಿಯುತ್ತಾನಲ್ಲ! ಅವರಿಗೆ ನಾಚಿಕೆಯಿಂದ ಮೈ ಹಿಡಿಯಾಯಿತು.

ಮರುದಿನ ಗ್ಯಾರೇಜಿನಲ್ಲಿ ಗಿರಾಕಿಗಳು ಇರುವ ಹೊತ್ತನ್ನೇ ನೋಡಿ ಹೋಗಿ, ಅಂಗೈ ಬಿಡಿಸಿ ತೋರಿಸಿದರು. “ನಾನೇ ತೆಗೆದಿಟ್ಟಿದ್ದೆ ಕಣಪ್ಪ. ನಿಂದೇನೂ ತಪ್ಪಿಲ್ಲ.”

“ಗೊತ್ತಿತ್ತು ಮಾವ. ಮೊದಲ ದಿನವೇ ಜಾಗ ಖಾಲಿ ಇದ್ದಿದ್ದು ನೋಡಿದ್ದೆ.”

“ಮತ್ತೆ ಹೊಸದು ಹಾಕ್ಬಾರ್ದಾಗಿತ್ತಾ?”

“ಹಾಕಿದ್ರೆ, ನನ್ನ ಫ್ಯೂಸು ಬದಲಾಯಿಸ್ದ ಅಂತಿರ್ಲಿಲ್ವಾ?”

ಪತ್ತೇದಾರರು ಕಾರಿನ ಕೀಲಿ ಮುಂದೆ ಹಿಡಿದರು. ಅಳಿಯ ರೂಢಿಯಂತೆ ಪೆನ್ನು ಕೊಟ್ಟ. “ಕಿಲೋಮೀಟರು ಬರ್ಕೊಳ್ಳಿ.”

“ಬೇಡಪ್ಪ. ಭಾನುವಾರ ಅವಳನ್ನ ಕರ್ಕೊಂಡು ಬಾ.”

“ಅದನ್ನ ಅವಳನ್ನೇ ಕೇಳಿ ಮಾವ.”

ಗ್ಯಾರೇಜಿನ ಹಿಂದೆಯೇ ಮನೆ. ಬಾಗಿಲು ತಟ್ಟಿದರು.

“ಯಾರು?” ಒಳಗಿಂದ ಮಗಳ ದನಿ.



“ಕಳ್ಳ ಕಣಮ್ಮ,” ಎಂದರು. “ಫ್ಯೂಸು ತಂದಿದೀನಿ.”