ಬನಶಂಕರಿ ಹೆಸರಲ್ಲಿ ಬಿಟ್ಟ ರೊಟ್ಟಿ

ರೋಣದ ನೀಲಾ ತಮ್ಮ ಓಣಿಯ ಹೆಂಗಸರಿಗೆಲ್ಲ ಜಂಪರು ಹೊಲಿದು ಕೊಡುವವಳು. ಯಾರದೇ ಜಂಪರಿರಲಿ, ಬಗಲಿನ ಹೊಲಿಗೆಯ ಒಳಗೆ ಒಂದಿಷ್ಟು ಬಟ್ಟೆ ಮಡಿಸಿ ಬಿಡುವುದು ಅವಳ ಪದ್ಧತಿ. ಮುಂದೆ ಮೈ ಬಂದರೆ ಬಿಚ್ಚಿ ಸಡಿಲು ಮಾಡಿಕೊಳ್ಳಲಿ ಎಂದು. ಹೋದ ದೀಪಾವಳಿಯಲ್ಲಿ ಪೂಜೆಗೆಂದು ತನ್ನ ಜಂಪರು ತೆಗೆದು ನೋಡಿದರೆ ಬಿಚ್ಚಲಿಕ್ಕೆ ಒಳಗೆ ಏನೂ ಉಳಿದಿರಲಿಲ್ಲ.

ಅಷ್ಟರಲ್ಲಾಗಲೇ ಮಷೀನು ತುಳಿಯುವಾಗ ಮೊಣಕಾಲು ಕಟಕಟ ಅನ್ನತೊಡಗಿತ್ತು. ದವಾಖಾನೆಗೆ ಹೋದರೆ ಡಾಕ್ಟರು ಕಾಲು ಮುಟ್ಟುವ ಮೊದಲು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. "ನೋವಿಗೆ ಗುಳಿಗಿ ಕೊಡತೀನಿ, ಆದ್ರ ಈ ಭಾರಕ್ಕ ಗುಳಿಗಿ ಇಲ್ಲ. ತೂಕ ಇಳಸ್ರಿ ಯವ್ವಾ" ಅಂದರು.

ಮನೆಗೆ ಬಂದು ಇದನ್ನು ಹೇಳಿದಾಗ ಅತ್ತೆ ಅಡಿವೆವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು.

"ಆ ಡಾಕ್ಟರನ ಹೆಂಡ್ತಿನ್ನ ನೋಡಿಯೇನು? ನಿನ್ನಂಥವ್ರು ಇಬ್ಬರು ಆಗತಾರ. ಮೊದಲ ಅಕಿಗೆ ಹೇಳಲಿ. ನೀ ಬಾ, ರೊಟ್ಟಿ ಆರಾಕತ್ತಾವು."

ಅಡಿವೆವ್ವನಿಗೆ ಉಣ್ಣಿಸುವುದೆಂದರೆ ಬರೀ ಉಣ್ಣಿಸುವುದಲ್ಲ. ಅವಳು ಹೊಳೆಮಣ್ಣೂರಿನಲ್ಲಿ ಬಾಳಿದವಳು. ಒಮ್ಮೆ ಮಲಪ್ರಭೆ ಉಕ್ಕಿ ಮನೆಯೊಳಗೆ ಬಂದಾಗ ಜೋಳದ ಚೀಲಗಳೆಲ್ಲ ನೆನೆದು ಮೊಳಕೆ ಒಡೆದಿದ್ದವು. ಶಾಲೆಯ ಕಟ್ಟೆಯ ಮೇಲೆ ಕೂತು, ಯಾರಾದರೂ ಅನ್ನ ತಂದಾರು ಎಂದು ದಾರಿ ಕಾದಿದ್ದಳು. ಮಗ ಅಮರೇಶನ ಕೂಡ ರೋಣಕ್ಕೆ ಬಂದು ನೆಲೆಸಿದ ಮೇಲೂ ಆ ಹಸಿವು ಅವಳ ಮನಸ್ಸಿನಿಂದ ಹೋಗಲಿಲ್ಲ. ರಾತ್ರಿ ಎಲ್ಲರ ಊಟವಾದ ಮೇಲೂ ಬುಟ್ಟಿಯಲ್ಲಿ ರೊಟ್ಟಿ ಇರಬೇಕು, ಬೋಗುಣಿಯಲ್ಲಿ ಪಲ್ಯ ಇರಬೇಕು. ಉಳಿದದ್ದು ಕೆಡಬಾರದು ಅಂತ ಕೊನೆಗೆ ಉಣ್ಣಲು ಕೂರುವ ನೀಲಾ ಅದನ್ನೆಲ್ಲ ಮುಗಿಸುತ್ತಿದ್ದಳು. ಹಸಿವೆ ಇದ್ದು ಉಂಡದ್ದಕ್ಕಿಂತ, ಉಳಿದಿದೆ ಅಂತ ಉಂಡದ್ದೇ ಹೆಚ್ಚು. ಹೊಟ್ಟೆ ತುಂಬಿತು ಅಂದರೆ ಅತ್ತೆ ಕೇಳುತ್ತಿರಲಿಲ್ಲ. "ಬಾಯಿ ಬ್ಯಾಡಂತೈತಿ, ಹೊಟ್ಟಿ ಬೇಕಂತೈತಿ" ಎನ್ನುತ್ತ ಇನ್ನೊಂದು ರೊಟ್ಟಿ ತಟ್ಟೆಗೆ ಹಾಕುತ್ತಿದ್ದಳು.

ಸಣ್ಣಾಗಲಿಕ್ಕೆ ಊಟ ಕಡಿಮೆ ಮಾಡುತ್ತೇನೆ ಅಂದರೆ ಆ ಮನೆಯಲ್ಲಿ ನಡೆಯುವುದಿಲ್ಲ. ದೇವರ ಹೆಸರಿನಲ್ಲಿ ಬಿಟ್ಟರೆ? ಯಾರೂ ಒತ್ತಾಯ ಮಾಡುವ ಹಾಗಿಲ್ಲ. ಹೀಗೆ ಯೋಚಿಸಿ ನೀಲಾ ಒಂದು ಸಂಜೆ ತಟ್ಟೆ ಸರಿಸಿ ಹೇಳಿಬಿಟ್ಟಳು.

"ಅತ್ತೀ, ಬನಶಂಕರಿಗೆ ಹರಕಿ ಹೊತ್ತೀನ್ರಿ. ಬನದ ಹುಣ್ಣಿಮಿ ತನಕ ರಾತ್ರಿ ಊಟ ಬಿಟ್ಟೀನಿ."

ಅಡಿವೆವ್ವ ಕೂಡಲೇ ಎರಡೂ ಕೈ ಎತ್ತಿ ಮುಗಿದಳು. "ಯಾತರ ಹರಕಿ ತಾಯೀ?"

"ಮನ್ಯಾಗ ಎಲ್ಲಾರಿಗೂ ಚಲೋ ಆಗಲಿ ಅಂತ" ಅಂದಳು ನೀಲಾ. ಅದಕ್ಕಿಂತ ಹೆಚ್ಚಿಗೆ ಸುಳ್ಳು ಕಟ್ಟಲು ಬಾಯಿ ಬರಲಿಲ್ಲ.

ಅಂದಿನಿಂದ ನೀಲಾ ಸಂಜೆಗೆ ರೊಟ್ಟಿ ಬಡಿದು, ಅತ್ತೆಯ ತಟ್ಟೆ ತುಂಬಿಸಿ, ಅವಳ ಸಕ್ಕರೆ ಕಾಯಿಲೆಯ ಗುಳಿಗೆಯ ಸಮೇತ ಅಡುಗೆಮನೆಯಲ್ಲಿಟ್ಟು, ತಾನು ಪಡಸಾಲೆಯ ಮಷೀನಿಗೆ ಬಂದು ಕೂರುತ್ತಿದ್ದಳು. ಬಿಸಿ ರೊಟ್ಟಿಯ ವಾಸನೆ ಎದುರು ಕೂತು ತಡೆಯಲು ಆಗುತ್ತಿರಲಿಲ್ಲ. ಅಮರೇಶ ಗಜೇಂದ್ರಗಡಕ್ಕೆ ಟೆಂಪೋದಲ್ಲಿ ಮಾಲು ಒಯ್ದು ಇಳಿಸಿ ಬರುವುದು ತಡವಾಗುತ್ತಿದ್ದರಿಂದ ಸಂಜೆಯ ಹೊತ್ತು ಮನೆಯಲ್ಲಿ ಅವರಿಬ್ಬರೇ.

ಮೊದಲ ವಾರ ಹೇಗೋ ಕಳೆಯಿತು. ಆಮೇಲೆ ಹೊಟ್ಟೆ ಮಾತು ಕೇಳಲಿಲ್ಲ. ಮಧ್ಯಾಹ್ನ ಸಂತೆಯ ಕಡೆ ಹೋದವಳು ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದು ಗೋಡೆಗೆ ಮುಖ ಮಾಡಿ ತಿಂದಳು. ಇನ್ನೊಂದು ದಿನ ದಾರದ ಉಂಡೆ ಇಡುವ ಡಬ್ಬಿಯಲ್ಲಿ ಶೇಂಗಾ ಉಂಡಿ ತಂದಿಟ್ಟಳು. ಹೆಮ್ಮಿಂಗು ಹಾಕಲು, ಹುಕ್ಕು ಹಚ್ಚಲು ಬರುವ ಪಕ್ಕದ ಮನೆಯ ಸಾನಿಯಾ ಕೆಂಪು ದಾರ ಹುಡುಕುತ್ತ ಆ ಡಬ್ಬಿಗೇ ಕೈ ಹಾಕಿದಳು.

"ಅಕ್ಕಾ, ಇದು ಯಾವ ನಂಬರ್ ದಾರ?" ಎಂದು ಒಂದು ಉಂಡಿ ಎತ್ತಿ ಹಿಡಿದಳು.

"ಮುಚ್ಚ ಡಬ್ಬಿ. ಅತ್ತಿ ಅದಾರ ಒಳಗ."

"ನಮ್ಮ ರೋಜಾದಾಗೂ ಹಿಂಗ ಅಕ್ಕಾ. ಹಗಲೆಲ್ಲ ಹಸದಿರತೀವಿ, ಸಂಜಿಗೆ ಸಮೋಸಾ, ಶರಬತ್ತು ಬಿಡಂಗಿಲ್ಲ. ಈದ್ ಬರೂದ್ರಾಗ ನನ್ನ ಚೂಡಿದಾರ್ ಬಿಗೀ ಆಗಿರತೈತಿ. ಆದ್ರ ನಾವು ಕದ್ದು ತಿನ್ನಂಗಿಲ್ಲ ಮತ್ತ."

ನೀಲಾ ನಕ್ಕಳು, ಆದರೆ ಕಡೆಯ ಮಾತು ಚುಚ್ಚಿತು. ತೂಕ ಒಂದಿಷ್ಟು ಇಳಿದಂತೆ ಮಾಡಿ ಮತ್ತೆ ಏರಿತ್ತು.

ಅದಕ್ಕಿಂತ ದೊಡ್ಡ ಪೆಟ್ಟು ಹೊರಗಿನಿಂದ ಬಂತು. ಜಂಪರು ಒಯ್ಯಲು ಬಂದ ಅದೇ ಓಣಿಯ ಗುರುಸಂಗಪ್ಪನ ಹೆಂಡತಿ ನೀಲಾಳ ಗದ್ದ ಮುಟ್ಟಿ ಹೇಳಿದಳು, "ಸೊಸಿ ಅಂದ್ರ ನೀ ನೋಡವ್ವಾ. ಅತ್ತಿ ಕಣ್ಣಿನ ಆಪ್ರೇಷನ್ ಚಲೋ ಆಗಲಿ ಅಂತ ಹಸದು ಕುಂತೀಯಂತ. ನಿಮ್ಮತ್ತಿ ಹೇಳಕೋತ ಕಣ್ಣೀರ ಹಾಕಿದಳು."

ನೀಲಾ ಕತ್ತರಿ ಕೆಳಗಿಟ್ಟಳು. ಅಡಿವೆವ್ವನ ಪೊರೆ ಬಂದ ಕಣ್ಣಿಗೆ ಹುಣ್ಣಿಮೆ ಕಳೆದ ಮೇಲೆ ಆಪರೇಷನ್ ಗೊತ್ತಾಗಿತ್ತು. ಮುದುಕಿ ಎರಡನ್ನೂ ಜೋಡಿಸಿಕೊಂಡು, ಹರಕೆ ತನ್ನ ಸಲುವಾಗಿಯೇ ಎಂದು ತಿಳಿದು, ಓಣಿ ತುಂಬ ಹೇಳಿಕೊಂಡು ಬಂದಿದ್ದಳು. ಅಲ್ಲ ಅನ್ನಬೇಕಿತ್ತು. ನೀಲಾ ಅನ್ನಲಿಲ್ಲ. ಬಂದವಳ ಕೈಗೆ ಜಂಪರು ಕೊಟ್ಟು ಕಳಿಸಿದಳು. ಆ ದಿನ ಡಬ್ಬಿಯ ಉಂಡಿ ರುಚಿಸಲಿಲ್ಲ. ಆದರೂ ತಿಂದಳು.

ಮುಂದೆ ಕೆಲವು ದಿನಕ್ಕೆ, ದೀಪ ಹಚ್ಚುವ ಹೊತ್ತಿನಲ್ಲಿ ಅಡುಗೆಮನೆಯಲ್ಲಿ ತಂಬಿಗೆ ಬಿದ್ದ ಸಪ್ಪಳವಾಯಿತು. ನೀಲಾ ಓಡಿ ಹೋಗಿ ನೋಡಿದರೆ ಅಡಿವೆವ್ವ ನೆಲದ ಮೇಲಿದ್ದಳು. ಮೈಯೆಲ್ಲ ಬೆವರು, ಕೈ ತಣ್ಣಗೆ, ಕರೆದರೆ ಓ ಅನ್ನುತ್ತಿಲ್ಲ. ಸಾನಿಯಾಳ ಅಪ್ಪ ಕಾಶೀಂಸಾಬ ಆಟೋ ತಂದ. ದವಾಖಾನೆಯಲ್ಲಿ ಸಲಾಯಿನ್ ಹಚ್ಚಿದ ಮೇಲೆ ಮುದುಕಿ ಕಣ್ಣು ಬಿಟ್ಟಳು.

"ಸಕ್ರಿ ಗುಳಿಗಿ ತಗೊಂಡಾರ, ಊಟ ಮಾಡಿಲ್ಲ" ಅಂದರು ಡಾಕ್ಟರು. "ಇವತ್ತೊಂದ ದಿನದ್ದಲ್ಲ ಇದು. ಮನ್ಯಾಗ ಯಾರೂ ನೋಡಂಗಿಲ್ಲೇನು?"

"ದಿನಾ ತಟ್ಟಿ ತುಂಬ ಇಟ್ಟಿರತೀನ್ರಿ ಸಾಹೇಬ್ರ" ಎಂದಳು ನೀಲಾ.

ಬಾಗಿಲಲ್ಲಿ ನಿಂತಿದ್ದ ಸಾನಿಯಾ ಅವಳ ಸೆರಗು ಜಗ್ಗಿ ಹೊರಗೆ ಕರೆದಳು. "ಅಕ್ಕಾ, ಆ ರೊಟ್ಟಿ ನಮ್ಮ ಎಮ್ಮಿ ತಿಂತೈತಿ. ಅಜ್ಜಿ ದಿನಾ ಸಂಜಿಗೆ ಹಿತ್ತಲ ಗ್ವಾಡಿ ಮ್ಯಾಲಿಂದ ಹಾಕತಿದ್ಲು. ಉಳದಿದ್ದು ಅಂತ ತಿಳದಿದ್ವಿ ನಾವು. ಎಮ್ಮಿ ಚಲೋ ಹಾಲು ಕೊಡಾಕತ್ತೈತಿ ಅಂತ ಅಪ್ಪ ಖುಷಿಲೆ ಇದ್ದ."

ಒಂದೇ ಗೋಡೆಯ ಆಚೆ ಈಚೆ ಕೂತು, ಸೊಸೆ ಸುಳ್ಳು ಹರಕೆಯ ಮರೆಯಲ್ಲಿ ಉಂಡಿ ತಿನ್ನುತ್ತಿದ್ದಾಗ ಅತ್ತೆ ಖರೇ ಹರಕೆಯೆಂದು ಹಸಿದಿದ್ದಳು.

ಮನೆಗೆ ಕರೆತಂದರೂ ಕಥೆ ಮುಗಿಯಲಿಲ್ಲ. ಮರುದಿನ ಸಂಜೆ ಅಡಿವೆವ್ವ ಗುಳಿಗೆಯನ್ನೇನೋ ಕೈಗೆ ತಗೊಂಡಳು, ರೊಟ್ಟಿ ಮುಟ್ಟಲಿಲ್ಲ.

"ನನ್ನ ಕಣ್ಣಿನ ಸಲುವಾಗಿ ನೀ ಹಸದಿರಬೇಕು, ನಾ ತಟ್ಟಿ ತುಂಬ ಹಾಕ್ಕೊಂಡು ಉಣ್ಣಬೇಕು. ಮನಷ್ಯಾರು ಮಾಡೂ ಕೆಲಸೇನ ಅದು? ಬನಶಂಕರಿ ನೋಡಂಗಿಲ್ಲೇನು?"

"ನಾ ಬಿಟ್ಟೆ ಅತ್ತೀ ಹರಕಿ. ನಾನೂ ಉಣ್ಣತೀನಿ, ನೀವೂ ಉಣ್ರಿ."

"ಹೊತ್ತಾಕಿ ನೀ. ಬಿಡಸಾಕಿ ಬನಶಂಕರಿ. ಅರ್ಧಕ್ಕ ಬಿಟ್ಟು, ನಾಳೆ ನನ್ನ ಕಣ್ಣು ಹೋದ್ರ?"

ಗುಳಿಗೆ ನುಂಗಿ ಹಾಗೇ ಮಲಗಿದರೆ ಮತ್ತೆ ಬೀಳುತ್ತಾಳೆ. ಗುಳಿಗೆ ಬಿಟ್ಟರೂ ಕೇಡು. ನೀಲಾ ಗುಳಿಗೆಯನ್ನು ಅವಳ ಕೈಯಿಂದ ಬಿಡಿಸಿಕೊಂಡು ಅಂಗಳಕ್ಕೆ ಬಂದಳು. ಅಂದು ಬೇಗ ಬಂದಿದ್ದ ಅಮರೇಶ ಟೆಂಪೋ ಒರೆಸುತ್ತಿದ್ದ. ಅವನ ಮುಂದೆ ಎಲ್ಲ ಹೇಳಿದಳು. ಅವನು ಬಟ್ಟೆ ಹಿಂಡಿ ಟೆಂಪೋದ ಮೇಲೆ ಹರವಿದ.

"ಖರೇ ಹೇಳಿದ್ರ ಯವ್ವಗ ಎದಿ ಒಡೀತೈತಿ. ಅಕಿ ನಂಬೂ ಹೊಳೆಆಲೂರ ಸ್ವಾಮಿಗೋಳು ಫೋನ್ ಮಾಡಿದ್ರು, ಹರಕಿ ಮುಟ್ಟೇತಿ ಅಂದ್ರು ಅಂತ ಹೇಳಿಬಿಡು. ನಾನೂ ಹೌದಂತೀನಿ. ಅಕಿ ಉಣ್ಣತಾಳ, ನಿನ್ನ ಮಾನಾನೂ ಉಳೀತೈತಿ, ಮುಗೀತು."

ಸುಲಭದ ದಾರಿ. ನೀಲಾಳ ಮನಸ್ಸು ಆ ಕಡೆ ವಾಲಿತು ಕೂಡ. ಆದರೆ ಹಾಗೆ ಮಾಡಿದರೆ ಮುದುಕಿ ಬದುಕಿರುವ ತನಕ ತನ್ನನ್ನು ಕಂಡಾಗೆಲ್ಲ ಕೈ ಮುಗಿಯುತ್ತಾಳೆ. ಆಪರೇಷನ್ ಆಗಿ ಕಣ್ಣು ಬಂದರೆ, ಮೊದಲು ಸೊಸೆಯ ಮುಖ ನೋಡುತ್ತೇನೆ ಅನ್ನುತ್ತಾಳೆ. ಆ ನೋಟ ನೀಲಾಳಿಗೆ ಬೇಡವಾಗಿತ್ತು. ಒಳಗೆ ಹೋಗಿ ಅತ್ತೆಯ ಮುಂದೆ ಕೂತಳು.

"ಅತ್ತೀ, ಹರಕಿ ಇಲ್ರಿ. ಯಾವತ್ತೂ ಇದ್ದಿದ್ದಿಲ್ಲ. ಸಣ್ಣಾಗಬೇಕು ಅಂತ ಊಟ ಬಿಟ್ಟಿದ್ದೆ. ನೀವು ಬಿಡಂಗಿಲ್ಲ ಅಂತ ದೇವಿ ಹೆಸರ ಹೇಳಿದೆ. ಅದೂ ನೆಟ್ಟಗ ಬಿಡಲಿಲ್ಲ. ದಾರದ ಡಬ್ಬ್ಯಾಗ ಉಂಡಿ ಇಟಗೊಂಡು ತಿಂದೆ."

ಅಡಿವೆವ್ವ ಮಂಜಾದ ಕಣ್ಣನ್ನು ಅವಳ ದನಿ ಬಂದ ಕಡೆ ತಿರುಗಿಸಿ ಕೂತಳು.

"ನನ್ನ ಕಣ್ಣಿನ ಸಲುವಾಗಿ ಅಲ್ಲ?"

"ಅಲ್ರಿ."

"ಓಣಿ ತುಂಬ ಹೇಳಕೊಂಡು ಬಂದೀನಲ್ಲೇ ನಾ."

ಬೈದಿದ್ದರೆ, ಎದ್ದು ಒಂದು ಹೊಡೆದಿದ್ದರೆ ನೀಲಾಳಿಗೆ ಹಗುರಾಗುತ್ತಿತ್ತು. ಅಡಿವೆವ್ವ ತಡವಿ ತಡವಿ ತಟ್ಟೆ ಎಳೆದುಕೊಂಡಳು. ಗೋಡೆಯ ಕಡೆ ತಿರುಗಿ, ಬೆನ್ನು ಕೊಟ್ಟು, ರೊಟ್ಟಿ ಮುರಿದು ಉಂಡಳು. ಉಂಡು ಕೈ ಚಾಚಿ ಗುಳಿಗೆ ಇಸಿದುಕೊಂಡಳು.

ಅಂದಿನಿಂದ ಸುಮಾರು ದಿನ ಅಡಿವೆವ್ವ ಸೊಸೆಯ ಕೂಡ ಮಾತು ಬಿಟ್ಟಳು. ನೀಲಾ ಚಹಾ ಕೊಟ್ಟರೆ ಕುಡಿಯುವಳು, ನೀರು ಕಾಸಿದರೆ ಜಳಕ ಮಾಡುವಳು, ಅಷ್ಟೇ. ಅತ್ತೆಯ ಸಕ್ಕರೆ ತೋರಿಸಲು ಮತ್ತೆ ದವಾಖಾನೆಗೆ ಹೋದಾಗ ಡಾಕ್ಟರು ಇಬ್ಬರಿಗೂ ಕೂಡಿಸಿ ಹೇಳಿದರು. "ಜ್ವಾಳದ ರೊಟ್ಟಿ ನಿಮ್ಮ ವೈರಿ ಅಲ್ಲ. ಹೊತ್ತಿಗೆ ಸರಿಯಾಗಿ ಉಣ್ರಿ. ಪಲ್ಯಾ, ಕಾಳು ಹೆಚ್ಚು ಮಾಡ್ರಿ, ಎಣ್ಣಿ, ಸಕ್ರಿ ಕಡಿಮಿ ಮಾಡ್ರಿ. ಹೊಟ್ಟಿ ತುಂಬಿದ ಮ್ಯಾಲ ಉಳದಿದ್ದು ತಿನಬ್ಯಾಡ್ರಿ. ದಿನಾ ಒಂದಿಷ್ಟು ಅಡ್ಡಾಡ್ರಿ. ಸಾವಕಾಶ ಇಳೀತೈತಿ. ಲಗೂ ಇಳಿದಿದ್ದು ಲಗೂ ಏರತೈತಿ."

ಆ ಸಂಜೆ ನೀಲಾ ಎಂದಿನಂತೆ ಅತ್ತೆಗೆ ಬಡಿಸಿ ಎದ್ದಳು.

"ಎಲ್ಲಿಗೆ?" ಅಂದಳು ಅಡಿವೆವ್ವ. ಎಷ್ಟೋ ದಿನದ ಮೇಲೆ ಆಡಿದ ಮಾತು.

"ಅವ್ರು ಬಂದ ಮ್ಯಾಲ ಉಣ್ಣತೀನ್ರಿ."

"ಅಂವ ಬರೂತನಕ ಹಸದು, ಆಮ್ಯಾಲ ಬುಟ್ಟಿ ಬಳದು ತಿಂತಿ. ತಟ್ಟಿ ತಗೊಂಡ ಬಾ, ಇಲ್ಲೇ ಕುಂದ್ರು. ಆ ತಾಯಿ ಹೆಸರ ಸುಳ್ಳಿಗಾದ್ರೂ ತಗೊಂಡಿ. ಬರಗಾಲದಾಗ ಪಲ್ಯಾ ಕೊಟ್ಟು ಮಂದಿನ್ನ ಉಳಿಸಿದ ತಾಯಿ ಅಕಿ, ಹೊಟ್ಟಿ ಒಣಗಸಾಕಿ ಅಲ್ಲ. ಮೆಂತೆ ಪಲ್ಯಾ ಹಾಕ್ಕೋ. ಸೌತಿಕಾಯಿ ಐತಿ, ಹೆಚ್ಚು." ಬುಟ್ಟಿ ಪಕ್ಕಕ್ಕೆ ಸರಿಸಿ ಮತ್ತೆ ಅಂದಳು, "ಇನ್ನೊಂದ ರೊಟ್ಟಿ ಅಂತ ನಾ ಅನ್ನಂಗಿಲ್ಲ. ಅನ್ನಾಕ ಬಾಯಿ ಬಂದ್ರ ನನ್ನ ಕೈ ಮ್ಯಾಲ ಹೊಡಿ."

ಮದುವೆಯಾಗಿ ಬಂದ ಮೇಲೆ ಗಂಡನಿಗಿಂತ ಮೊದಲು ನೀಲಾ ಉಂಡದ್ದು ಅವತ್ತೇ ಮೊದಲು. ಎಷ್ಟು ಹಸಿವೆ ಇದೆಯೋ ಅಷ್ಟಕ್ಕೆ ಕೈ ತೊಳೆದಳು. ಅಂದಿನಿಂದ ಮನೆಯಲ್ಲಿ ತಲೆ ಎಣಿಸಿ ರೊಟ್ಟಿ ಬಡಿಯುವುದಾಯಿತು. ಅಡಿವೆವ್ವ ಖಾಲಿ ಬುಟ್ಟಿಯಲ್ಲಿ ಮತ್ತೆ ಮತ್ತೆ ಕೈಯಾಡಿಸುತ್ತಿದ್ದಳು. ಆಗ ನೀಲಾ ಜೋಳದ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದು, ಅವಳ ಕೈ ಹಿಡಿದು ಹಿಟ್ಟು ಮುಟ್ಟಿಸುತ್ತಿದ್ದಳು. ಉಂಡ ಮೇಲೆ ಇಬ್ಬರೂ ಕೈ ಹಿಡಿದುಕೊಂಡು ಓಣಿಯ ಕಡೆಯ ತನಕ ಹೋಗಿ ಬರುತ್ತಿದ್ದರು. ನೀಲಾಳ ಮೈ ಕಂಡೂ ಕಾಣದ ಹಾಗೆ ಇಳಿಯತೊಡಗಿತು. ಮೊಣಕಾಲು ಮೊದಲಿನಷ್ಟು ಕಾಡಲಿಲ್ಲ.

ಹುಣ್ಣಿಮೆ ಕಳೆದಿತ್ತು, ಆಪರೇಷನ್ನಿಗೆ ಇನ್ನೂ ಕೆಲವು ದಿನ ಇತ್ತು. ಹಾಗೆ ಅಡ್ಡಾಡುವಾಗ ಒಂದು ಸಂಜೆ ಗುರುಸಂಗಪ್ಪನ ಹೆಂಡತಿ ಕಟ್ಟೆಯಿಂದ ಕೂಗಿದಳು, "ಏನ ಅಡಿವೆವ್ವಾ, ಸೊಸಿ ಹರಕಿ ಇನ್ನೂ ನಡದೈತೇನು? ಸ್ವಲ್ಪ ಇಳದಾಳಲ್ಲ."

ನೀಲಾ ನಿಂತಳು. ಇವತ್ತು ಇವಳಿಗೂ ಹೇಳಿಬಿಡಬೇಕೆಂದು ಬಾಯಿ ತೆರೆದಳು. ಅಡಿವೆವ್ವ ಹಿಡಿದಿದ್ದ ಕೈಯನ್ನು ಗಟ್ಟಿಯಾಗಿ ಒತ್ತಿದಳು.

"ಹರಕಿ ಮುಗೀತವಾ. ಈಗ ಇಬ್ಬರೂ ಕೂಡಿ ಉಣ್ಣಾಕತ್ತೀವಿ" ಎಂದು ಮುಂದೆ ನಡೆದಳು.

ತನ್ನ ಮಾನ ಉಳಿಸಿಕೊಳ್ಳಲಿಕ್ಕೆ ಹಾಗಂದಳೋ, ಸೊಸೆಯ ಮಾನ ಉಳಿಸಲಿಕ್ಕೋ, ನೀಲಾ ಕೇಳಲಿಲ್ಲ. ಮುದುಕಿಯ ಹೆಜ್ಜೆಗೆ ಹೆಜ್ಜೆ ಹೊಂದಿಸುತ್ತ, ದಾರಿಯಲ್ಲಿ ಕಲ್ಲು ಬಂದಲ್ಲಿ "ಇಲ್ಲಿ ಸಾವಕಾಶ್ರಿ ಅತ್ತೀ" ಅನ್ನುತ್ತ ಹೋದಳು.