ಮೂರೆಣಿಕೆಯ ಹಾಡಿಗೆ ಅಮ್ಮನ ತಾಳ

ಅವತ್ತು ಹಿಮ ಬೀಳುತ್ತಿತ್ತು ಎಂದು ನನ್ನ ಡೈರಿಯಲ್ಲಿದೆ. ಆದರೆ ಆ ಪುಟ ಬರೆದದ್ದು ಎರಡು ವಾರದ ನಂತರ. ಹಿಮ ಎಲ್ಲಿತ್ತು, ನಾನು ಸ್ವೆಟರ್ ಕೂಡ ಹಾಕಿರಲಿಲ್ಲ ಎನ್ನುತ್ತಾಳೆ ಚಿಕ್ಕಮ್ಮ. ಹಾಗಾಗಿ ಇಲ್ಲಿನ ಕೆಲವು ವಿವರಗಳು ತಪ್ಪಿರಬಹುದು. ಎಂದೂ ತಪ್ಪಿರಲಾರದು ಎಂದು ನಾನು ಐದು ವರ್ಷ ನಂಬಿದ್ದ ಒಂದು ವಿವರಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಾನಾಗ ಮಿಶಿಗನ್ನಿನ ಟ್ರಾಯ್‌ನಲ್ಲಿ ಅಮ್ಮನ ಜೊತೆ ಇದ್ದೆ. ಹಗಲು ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಕೆಲಸ, ಸಂಜೆ ಪಿಯಾನೋ. ಶಿಕಾಗೋದ ಒಂದು ಸಣ್ಣ ಜಾಝ್ ತಂಡಕ್ಕೆ ಪಿಯಾನೋ ನುಡಿಸುವವರು ಬೇಕಾಗಿದ್ದರು. ಆಯ್ಕೆಯಾದರೆ ಅಲ್ಲೇ ಹತ್ತಿರವಿರುವ ನಮ್ಮ ಕಂಪನಿಯ ಶಾಮ್‌ಬರ್ಗ್ ಆಫೀಸಿಗೆ ವರ್ಗ ಮಾಡಿಸಿಕೊಂಡು, ಲೊಂಬಾರ್ಡ್‌ನಲ್ಲಿ ಚಿಕ್ಕಮ್ಮನ ಮನೆ ಹತ್ತಿರ ಒಂದು ಅಪಾರ್ಟ್‌ಮೆಂಟ್ ಹಿಡಿಯಬೇಕೆಂದಿದ್ದೆ. ಮ್ಯಾನೇಜರ್ ಜೊತೆ ಮಾತಾಡಿಯೂ ಆಗಿತ್ತು. ಅಮ್ಮನಿಗೆ ಹೇಳಿದ್ದು ಆಮೇಲೆ. “ಹೋಗು, ನಾನೇನು ಬೇಡ ಅಂದ್ನಾ?” ಎಂದಳು. ಅಷ್ಟು ಹೇಳಿ ಮಿಕ್ಸಿ ಹಾಕಿದಳು. ಮಿಕ್ಸಿ ಹಾಕಿದ್ದು ಅವತ್ತೇನಾ ಎಂದರೆ, ಗೊತ್ತಿಲ್ಲ.

ಜಾಝ್‌ನಲ್ಲಿ ಸ್ಟ್ಯಾಂಡರ್ಡ್ ಎಂದರೆ ಎಲ್ಲ ವಾದಕರಿಗೂ ಬರುವ ಹಳೆಯ ಹಾಡು. ನಾನು ಆರಿಸಿಕೊಂಡದ್ದು ನಾಲ್ಕೆಣಿಕೆಯ ಒಂದು ಪ್ರೇಮಗೀತೆ. ಅದನ್ನು ವಾಲ್ಟ್ಜ್ ನಡೆಗೆ, ಅಂದರೆ ಮೂರೆಣಿಕೆಗೆ ತಂದಿದ್ದೆ. ನಾಲ್ಕರಲ್ಲಿ ಪ್ರತಿ ಸಾಲಿನ ಕೊನೆಗೂ ಒಂದು ಉಸಿರು ಉಳಿಯುತ್ತದೆ. ಮೂರರಲ್ಲಿ ಅದು ಸಿಗುವುದಿಲ್ಲ, ಹಾಡು ಮುಂದಕ್ಕೆ ವಾಲುತ್ತಲೇ ಇರುತ್ತದೆ. ನನಗೆ ಬೇಕಾಗಿದ್ದದ್ದು ಅದೇ. ಭಯವೂ ಅದರದೇ. ಹಾಡನ್ನು ನಾಲ್ಕರಲ್ಲಿ ಕಲಿತ ಎಡಗೈ ಆ ಉಸಿರನ್ನು ಹುಡುಕಿಕೊಂಡು ಹೋಗುತ್ತಿತ್ತು.

“ನಾಲ್ಕರಲ್ಲಿ ಚೆನ್ನಾಗೇ ಇತ್ತಲ್ಲೇ. ಯಾಕೆ ಅದರ ಕಾಲು ಮುರೀತೀಯ?” ಅಮ್ಮ ಅಡಿಗೆಮನೆಯಿಂದಲೇ ಕೇಳುತ್ತಿದ್ದಳು.

“ನಾಲ್ಕರಲ್ಲಿ ಎಲ್ರೂ ನುಡಿಸ್ತಾರೆ ಅಮ್ಮ.”

“ಎಲ್ರೂ ಇಡ್ಲಿ ತಿಂತಾರೆ. ನೀನು ಬಿಟ್ಬಿಟ್ಟಿದೀಯಾ?”

ಅಮ್ಮ ನಮ್ಮ ಬೇಸ್‌ಮೆಂಟಿನಲ್ಲಿ ಮಕ್ಕಳಿಗೆ ಕರ್ನಾಟಕ ಸಂಗೀತ ಕಲಿಸುತ್ತಾಳೆ. ವರ್ಷಕ್ಕೊಮ್ಮೆ ಮಕ್ಕಳು ವೇದಿಕೆಯಲ್ಲಿ ಹಾಡುವಾಗ ಮುಂದಿನ ಸಾಲಿನಲ್ಲಿ ಕೂತು ತೊಡೆಯ ಮೇಲೆ ತಾಳ ಹಾಕುತ್ತಾಳೆ. “ನನ್ನ ಮುಖ ನೋಡ್ಬೇಡಿ, ಕೈ ನೋಡಿ” ಎನ್ನುವುದು ಅವಳ ಮೊದಲ ಪಾಠ. ಯಾವುದಾದರೂ ಮಗು ತಾಳ ತಪ್ಪಿದರೆ ನಿಲ್ಲಿಸುವುದಿಲ್ಲ. ಮಗು ಎಲ್ಲಿದೆಯೋ ಅಲ್ಲಿಗೆ ತನ್ನ ಕೈಯನ್ನೇ ಒಯ್ದು, ಅಲ್ಲಿಂದ ಜೊತೆಗೆ ನಡೆಸಿಕೊಂಡು ಹೋಗುತ್ತಾಳೆ. ಹತ್ತು ವರ್ಷ ನಾನೂ ಆ ಕೈ ನೋಡಿಕೊಂಡೇ ಹಾಡಿದವಳು. ಅದಕ್ಕೇ ಶಿಕಾಗೋಗೆ ಬರಬೇಡ ಎಂದಿದ್ದೆ. “ನಿನ್ನ ನೋಡಕ್ಕಲ್ಲ, ನನ್ನ ತಂಗೀನ ನೋಡಕ್ಕೆ ಬರ್ತಿದೀನಿ” ಎಂದು ಕಾರು ಹತ್ತಿದಳು.

ಆಯ್ಕೆ ನಡೆದದ್ದು ಮಡಚುವ ಕುರ್ಚಿಗಳಿದ್ದ ಒಂದು ಹಾಲ್‌ನಲ್ಲಿ. ಬಾಸ್ ಎಂಬ ದೊಡ್ಡ ತಂತಿವಾದ್ಯ ನುಡಿಸುವವನೇ ತಂಡದ ಮುಖ್ಯಸ್ಥ. ಡ್ರಮ್ಮಿನವಳು ಕುಂಚದಂಥ ಕಡ್ಡಿಗಳಲ್ಲಿ ಮೆಲ್ಲಗೆ ಮೂರು ಎಣಿಸಿದಳು. ಇಡೀ ಹಾಡಿನ ಮೊದಲ ಆವೃತ್ತಿ ಚೆನ್ನಾಗಿಯೇ ಹೋಯಿತು. ಎರಡನೆಯದರಲ್ಲಿ ನಾನು ತಲೆಯೆತ್ತಿದೆ. ಅಮ್ಮ ಮುಂದಿನ ಸಾಲಿನಲ್ಲಿದ್ದಳು, ಪಕ್ಕದಲ್ಲಿ ಫೋನ್ ಹಿಡಿದ ಚಿಕ್ಕಮ್ಮ. ಅಮ್ಮನ ಕೈ ತೊಡೆಗೆ ಬಿತ್ತು. ಆಮೇಲೆ ಕಿರುಬೆರಳು, ಉಂಗುರ ಬೆರಳು, ಮಧ್ಯದ ಬೆರಳು. ನಾಲ್ಕು. ಆದಿತಾಳ. ನನ್ನ ಎಡಗೈ ಅದರ ಹಿಂದೆ ಹೋಯಿತು.

ನನ್ನ ನೆನಪಿನಲ್ಲಿ ಇದೇ ಕ್ರಮ: ಮೊದಲು ಅವಳ ಕೈ, ಆಮೇಲೆ ನನ್ನದು.

ನಾನು ಮೂರು ಸುತ್ತು ಮುಗಿಸುವಷ್ಟರಲ್ಲಿ ಬಾಸಿನವನು, ಡ್ರಮ್ಮಿನವಳು ಇಬ್ಬರೂ ನಾಲ್ಕು ಮುಗಿಸಿದ್ದರು. ಹಿಡಿಯಲು ಓಡಿದೆ, ಇನ್ನೂ ಹಿಂದೆ ಬಿದ್ದೆ. ಬಾಸಿನವನು ತಂತಿಗಳ ಮೇಲೆ ಅಂಗೈ ಇಟ್ಟು ಸದ್ದು ನಿಲ್ಲಿಸಿದ. ಥ್ಯಾಂಕ್ಯೂ, ಇಷ್ಟು ಸಾಕು ಎಂದ. ಸಭ್ಯವಾಗಿಯೇ ಹೇಳಿದ.

ವಾಪಸು ಬರುವಾಗ ಮಿಶಿಗನ್ ಗಡಿ ದಾಟಿದ ಮೇಲೆ ಕೇಳಿದೆ.

“ಯಾಕಮ್ಮ ಹಾಗ್ ಮಾಡ್ದೆ?”

“ಏನ್ ಮಾಡ್ದೆ?”

“ಆದಿತಾಳ ಹಾಕ್ದೆ. ನಾನು ಮೂರರಲ್ಲಿ ನುಡಿಸ್ತಿದೀನಿ ಅಂತ ಗೊತ್ತಿದ್ದೂ. ನಾನು ಹೋಗೋದು ನಿಂಗೆ ಬೇಕಿರ್ಲಿಲ್ಲ, ಅಲ್ವಾ?”

ಅಮ್ಮ ಕಿಟಕಿಯ ಕಡೆ ತಿರುಗಿದಳು. “ರಸ್ತೆ ನೋಡ್ಕೊಂಡು ಡ್ರೈವ್ ಮಾಡು.”

ಆ ಬೇಸಿಗೆಯಲ್ಲಿ ನಾನು ಬೇರೆ ಮನೆ ಮಾಡಿದೆ, ಹದಿನೈದು ಮೈಲಿ ಆಚೆ. ಪಿಯಾನೋ ಅಮ್ಮನ ಮನೆಯಲ್ಲೇ ಉಳಿಯಿತು. ಕಥೆ ಮಾತ್ರ ನನ್ನ ಜೊತೆ ಬಂತು. ಹಬ್ಬದ ಊಟಗಳಲ್ಲಿ ಅದನ್ನು ತಮಾಷೆಯಾಗಿ ಹೇಳುತ್ತಿದ್ದೆ. “ನಮ್ಮಮ್ಮ ಒಂದೇ ಕೈಯಲ್ಲಿ ನನ್ನ ಶಿಕಾಗೋ ತಪ್ಪಿಸಿದ್ರು ಆಂಟಿ.” ಎಲ್ಲರೂ ನಗುತ್ತಿದ್ದರು. ಒಮ್ಮೆ ಅಮ್ಮ ಅಲ್ಲೇ ಪಾಯಸ ಬಡಿಸುತ್ತಿದ್ದಳು. ಸೌಟು ಪಾತ್ರೆಗಿಟ್ಟು, “ಇವಳಿಗೆ ಇನ್ನೊಂದು ಸ್ವಲ್ಪ ಹಾಕ್ಲಾ?” ಎಂದು ನನ್ನ ಪಕ್ಕದವರನ್ನು ಕೇಳಿದಳು, ನನ್ನನ್ನಲ್ಲ.

ಕಳೆದ ತಿಂಗಳು ಚಿಕ್ಕಮ್ಮ ಫೋನ್ ಬದಲಾಯಿಸುವಾಗ ಅವತ್ತಿನ ಹಳೆಯ ವಿಡಿಯೋ ಒಂದು ಸಿಕ್ಕಿತು. “ನೋಡೇ ಪುಟ್ಟಿ, ಆಗ ಎಷ್ಟು ಸಣ್ಣಗಿದ್ದೆ” ಎಂದು ಬರೆದು ಕಳಿಸಿದಳು. ನಾನು ನನ್ನನ್ನು ನೋಡಲಿಲ್ಲ. ಚಿತ್ರದ ಕೆಳಮೂಲೆಯಲ್ಲಿ ಅಮ್ಮನ ಮೊಣಕಾಲು, ಅದರ ಮೇಲೆ ಕೈ ಇತ್ತು. ಎರಡು ಪೆಟ್ಟು, ಒಂದು ಬೀಸು. ಮತ್ತೆ ಎರಡು ಪೆಟ್ಟು, ಒಂದು ಬೀಸು. ರೂಪಕ ತಾಳ. ಮೂರು. ಮೊದಲ ಆವೃತ್ತಿಯುದ್ದಕ್ಕೂ ಅವಳು ಮೂರನ್ನೇ ಹಾಕುತ್ತಿದ್ದಳು, ಒಂದು ಸಲವೂ ತಪ್ಪದೆ.

ಎರಡನೆಯ ಆವೃತ್ತಿಯಲ್ಲಿ ಪಿಯಾನೋದ ಎಡಗೈ ಒಂದು ಎಣಿಕೆ ಹೆಚ್ಚಿಗೆ ನುಡಿಸುತ್ತದೆ. ಅಮ್ಮನ ಕೈ ಗಾಳಿಯಲ್ಲಿ ನಿಲ್ಲುತ್ತದೆ. ನಾನು ಇನ್ನೊಮ್ಮೆ ನಾಲ್ಕು ನುಡಿಸುತ್ತೇನೆ. ಆಮೇಲೆ ಆ ಕೈ ನಾನಿದ್ದ ಕಡೆಗೇ ಇಳಿಯುತ್ತದೆ. ಪೆಟ್ಟು, ಕಿರುಬೆರಳು, ಉಂಗುರ ಬೆರಳು, ಮಧ್ಯದ ಬೆರಳು.

ಅರ್ಧ ವೇಗದಲ್ಲಿ ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಫೋನು ಅಲ್ಲಿ ಸ್ವಲ್ಪ ಅಲುಗಾಡುತ್ತದೆ, ಸದ್ದು ಚಿತ್ರಕ್ಕಿಂತ ಹಿಂದೆ ಮುಂದೆ ಇರಬಹುದು. ಇಂಥ ನೆಪಗಳನ್ನು ನಾನೇ ಹುಡುಕುತ್ತಿದ್ದೇನೆ ಎಂದೂ ಗೊತ್ತು. ಗಾಳಿಯಲ್ಲಿ ನಿಂತ ಕೈಗೆ ಮಾತ್ರ ಯಾವ ನೆಪವೂ ಸಿಗಲಿಲ್ಲ.

ಭಾನುವಾರ ಟ್ರಾಯ್‌ಗೆ ಹೋಗಿ ವಿಡಿಯೋ ತೋರಿಸಿದೆ. ಅಮ್ಮ ಕನ್ನಡಕ ಹಾಕಿಕೊಂಡು ಕೊನೆಯವರೆಗೂ ನೋಡಿದಳು. “ಅವಳಿಗೆ ಫೋನ್ ನೆಟ್ಟಗೆ ಹಿಡಿಯಕ್ಕೇ ಬರಲ್ಲ” ಎಂದಳು. ಅಷ್ಟರಲ್ಲಿ ಪಾಠದ ಮಕ್ಕಳು ಬಂದರು. ಅಮ್ಮ ಬೇಸ್‌ಮೆಂಟಿನ ಮೆಟ್ಟಿಲು ಇಳಿಯುತ್ತಿದ್ದಾಗ ಮೇಲಿನಿಂದ ಒಂದು ಮಾತು ಕೇಳಿದೆ. ಅವಳಿಗೆ ಕೇಳಿಸಿತೆಂದು ಖಂಡಿತ ಹೇಳಬಲ್ಲೆ, ಯಾಕೆಂದರೆ ಒಂದು ಮೆಟ್ಟಿಲಿನಲ್ಲಿ ನಿಂತಳು. ಇವತ್ತಿಗೆ ಒಂಬತ್ತು ದಿನ. ದಿನಾ ಫೋನ್ ಮಾಡುತ್ತಾಳೆ, ಊಟ ಆಯ್ತಾ ಎನ್ನುತ್ತಾಳೆ, ಅದನ್ನು ಬಿಟ್ಟು ಬೇರೆಲ್ಲ ಮಾತಾಡುತ್ತಾಳೆ. ನಾನು ಮೆಟ್ಟಿಲ ಮೇಲಿನಿಂದ ಕೇಳಿದ್ದು ಇಷ್ಟೇ:

“ಮೊದ್ಲು ತಪ್ಪಿದ್ದು ನಾನೇ ಅಂತ ಗೊತ್ತಿದ್ದೂ ಇಷ್ಟು ವರ್ಷ ಯಾಕಮ್ಮ ಹೇಳ್ಲಿಲ್ಲ?”